ಬೆಳೆ, ಬೇಳೆ ಮತ್ತು ರಾತ್ರಿ ಒಂಬತ್ತೂವರೆಯ ವಾಟ್ಸಾಪ್

"ಮಾಷ್ಟ್ರೇ, ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಬರ್ತದೆ, ಕನ್ನಡ ಬರ್ತದಾ?" ವಾಟ್ಸಾಪಿನಲ್ಲೇ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತೇನೆ ಎಂದಾಗ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಹಿರಿಯರೊಬ್ಬರು ಹೀಗೆಂದು ಎಲ್ಲರೆದುರು ನಕ್ಕಿದ್ದರು. ಈ ಸಲ ಅವರ ಮೊಮ್ಮಗಳೇ ವೇದಿಕೆಯಲ್ಲಿ ಕನ್ನಡದ ಒಂದಿಡೀ ಪುಟ ತಡವರಿಸದೆ ಓದಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಭಾನುವಾರದ ಕನ್ನಡ ಕ್ಲಾಸಿಗೆ ಮಕ್ಕಳು ಕಮ್ಮಿಯಾದಾಗ ವಿಡಿಯೋ ಕ್ಲಾಸಿಗೆಂದು ತಿಂಗಳಿಗೆ ಸಾವಿರದ ಮುನ್ನೂರರ ಹತ್ತಿರ ಕಟ್ಟಿದೆ. ಐದು ತಿಂಗಳು, ನನ್ನ ಜೇಬಿನಿಂದಲೇ. ಇಪ್ಪತ್ತೆರಡರಲ್ಲಿ ಆರೇಳು ಮಕ್ಕಳು ಬರುತ್ತಿದ್ದರು, ಅದರಲ್ಲೂ ಇಬ್ಬರ ಕ್ಯಾಮೆರಾದಲ್ಲಿ ಬರೀ ಫ್ಯಾನ್ ತಿರುಗುತ್ತಿತ್ತು. ಆಮೇಲೆ ವಾಟ್ಸಾಪ್ ಗ್ರೂಪ್ ಮಾಡಿದೆ. ಪಾಠ ಹಾಕಿ ಹತ್ತು ನಿಮಿಷಕ್ಕೆ ಯಾರದೋ ಬರ್ತ್‌ಡೇ, ಪಾಠದ ಮೇಲೆ ನಲವತ್ತು ಕೇಕು. ಒಂದೇ ಮೆಸೇಜ್ ಎಲ್ಲರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಮಾಡಿದರೆ ಅರ್ಧ ಮಂದಿಗೆ ತಲುಪಲೇ ಇಲ್ಲ. ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿರಬೇಕಂತೆ, ಇದು ಗೊತ್ತಾಗಲು ನನಗೆ ಎರಡು ವಾರ ಬೇಕಾಯ್ತು!

ಈಗ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ರಾತ್ರಿ ಒಂಬತ್ತೂವರೆಗೆ ಕೈಬರಹದ ನಾಲ್ಕು ಸಾಲಿನ ಫೋಟೋ ಹಾಕುತ್ತೇನೆ, ಮಕ್ಕಳು ಅದನ್ನು ಓದಿ ವಾಯ್ಸ್ ಮೆಸೇಜನ್ನು ನನಗೊಬ್ಬನಿಗೇ ಕಳಿಸಬೇಕು. ಫೋನ್ ಅಪ್ಪನದು, ಅಪ್ಪ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು ಊಟ ಮುಗಿಸುವುದೇ ಆಗ. ಸಂಜೆ ಆರಕ್ಕೆ ಹಾಕಿದ್ದು ರೈಲು ಠಾಣೆ ಸ್ಟೇಷನ್ ದಾಟುವಷ್ಟರಲ್ಲಿ ಹೂತು ಹೋಗುತ್ತಿತ್ತು.

ಮರಾಠಿ ಓದುವ ಮಕ್ಕಳಿಗೆ ಳ ಕಷ್ಟವಲ್ಲ, ಅಲ್ಲೂ ಇದೆ. ಆದರೆ ಎ-ಏಗೆ ಅಲ್ಲಿ ಒಂದೇ ಅಕ್ಷರ, ಒ-ಓಗೂ ಅಷ್ಟೇ. ಒಬ್ಬ "ಮಳೆ ಬಂದು ಬೇಳೆ ಹಾಳಾಯ್ತು" ಎಂದು ಓದಿ ಕಳಿಸಿದ. ನಾನು ವಾಪಸ್ ಎರಡೇ ಪದ ಹೇಳಿ ಕಳಿಸಿದೆ: ಬೆಳೆ, ಬೇಳೆ. ಏಳನೇ ಸಲಕ್ಕೆ ಸರಿಯಾಯ್ತು. ಹಿಂದೆ ಕುಕ್ಕರ್ ಸೀಟಿ, ಅವನಮ್ಮ "ಒಳಗಿರೋದೇ ಬೇಳೆ ಮಾರಾಯ" ಅನ್ನುವುದೂ ಕೇಳುತ್ತಿತ್ತು.

ಸಮಯ ಉಳಿಸಲು ಸ್ಪೀಡ್ ಒಂದೂವರೆ ಮಾಡಿ ಕೇಳಿ ನೋಡಿದೆ, ಹ್ರಸ್ವ ದೀರ್ಘ ಎಲ್ಲಾ ಕಲಸಿಹೋಯ್ತು, ಬಿಟ್ಟೆ. ಟೆಲಿಗ್ರಾಮಿನ ಕ್ವಿಜ್ ಮಕ್ಕಳಿಗೆ ಭಾರೀ ಇಷ್ಟವಾಯ್ತು, ಇನ್ನೊಂದು ಆ್ಯಪ್ ಎಂದ ಕೂಡಲೇ ಅಪ್ಪಂದಿರು ಮುಖ ತಿರುಗಿಸಿದರು.

ಬಾಯಿ ಬಿಡದ ಮಕ್ಕಳಿಂದ ಮೊದಲ ವಾಯ್ಸ್ ತೆಗೆಸಲು ನನ್ನದೊಂದು ಉಪಾಯವಿದೆ. ಇಲ್ಲಿ ಬರೆಯಲ್ಲ, ಆ ಮಕ್ಕಳೂ ಇದನ್ನು ಓದುತ್ತಾರೆ, ಈಗ ಓದಲು ಬರುತ್ತದಲ್ವಾ! ದಿನಕ್ಕೆ ಹದಿನೇಳು ಹದಿನೆಂಟು ವಾಯ್ಸ್ ಬರುತ್ತಿವೆ. ಖರ್ಚು ನನ್ನ ಮಾಮೂಲಿ ರೀಚಾರ್ಜ್, ಜೊತೆಗೆ ಒಂದು ಪ್ಯಾಕೆಟ್ ಸ್ಕೆಚ್ ಪೆನ್.