ಹಿಮ್ಮಡಿ ನೋವಿಗೆ ಸರಿಯಾದ ಡಾಕ್ಟ್ರನ್ನ ಹುಡುಕಿದ್ದು ಹೀಗೆ: ನನ್ನ ಅನುಭವ

ಕಾಲಿನ ಡಾಕ್ಟ್ರನ್ನ ಬೋರ್ಡು ನೋಡಿ ಆರಿಸಬೇಡಿ, ಕೈ ನೋಡಿ ಆರಿಸಿ. ಈ ಮಾತು ಹೇಳಿದಾಗ ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದರು. "ಒಂದು ಹಿಮ್ಮಡಿಗೆ ಎಷ್ಟು ಜನ ಡಾಕ್ಟ್ರಪ್ಪಾ ನಿಂಗೆ? ದುಡ್ಡು ಜಾಸ್ತಿ ಆಗೇತೇನು?" ಅಂತ ನಮ್ಮ ಸಾವ್ಕಾರ್ರು ಗಿರಾಕಿಗಳ ಎದುರೇ ಕೇಳಿದ್ದರು. ಈಗ ಮದುವೆ ಸೀಸನ್ನಿನಲ್ಲಿ ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಸೀರೆ ತೋರಿಸುತ್ತೇನೆ. ನಕ್ಕವರಲ್ಲಿ ಇಬ್ಬರು ಸುಮ್ನೆ ನಾನು ಕೊನೆಗೆ ಆರಿಸಿದ ಡಾಕ್ಟ್ರ ಹತ್ತಿರವೇ ಹೋಗಿಬಂದಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದು ನಿಂತು ದುಡಿಯುವವರಿಗೆ ಬರೆದದ್ದು. ಬೆಳಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಹಿಮ್ಮಡಿ ಚುಚ್ಚುವುದು ಹೇಗಿರುತ್ತದೆ, ಐಸ್ ಬಾಟಲಿ ಉರುಳಿಸುವುದು ಹೇಗೆ, ಸಿಲಿಕಾನ್ ಹೀಲ್ ಕಪ್ ಅಂದರೇನು, ಪ್ಲಾಂಟರ್ ಫೇಸಿಯೈಟಿಸ್ (ಹಿಮ್ಮಡಿಯಿಂದ ಬೆರಳಿನ ಕಡೆ ಹೋಗುವ ಅಂಗಾಲಿನ ಪಟ್ಟಿಯ ನೋವು) ಅಂದರೇನು ಅಂತೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನ ಬಿಡುತ್ತೇನೆ.

ನಮ್ಮದು ದಾವಣಗೆರೆಯ ಸೀರೆ ಅಂಗಡಿ. ಒಳಗೆ ಚಪ್ಪಲಿ ಇಲ್ಲ. ನೆಲ ಗ್ರಾನೈಟ್, ಅರ್ಧ ಜಾಗಕ್ಕೆ ಬಿಳಿ ಗಾದಿ. ಗಿರಾಕಿಗಳು ಗಾದಿ ಮೇಲೆ ಕೂರುತ್ತಾರೆ. ನಾವು ಗಾದಿಗೂ ರ್‍ಯಾಕಿಗೂ ನಡುವೆ ಬರಿಗಾಲಲ್ಲಿ ನಿಲ್ಲುತ್ತೇವೆ. ಮೇಲಿನ ಖಾನೆಯ ಸೀರೆ ಬೇಕೆಂದರೆ ತುದಿಗಾಲಲ್ಲಿ ಎದ್ದು ಎಳೆಯಬೇಕು. ಹದಿನೈದು ವರ್ಷ ಹೀಗೇ ನಿಂತ ಮೇಲೆ ಬಲಗಾಲಿನ ಹಿಮ್ಮಡಿ ಹಿಡಿಯಿತು.

ಮೊದಲ ಒಂದೂವರೆ ವರ್ಷ ಹೋದದ್ದೆಲ್ಲ ದುಡ್ಡಿನ ಕಥೆ. ಮೊದಲು ತೋರಿಸಿದ ಮೂಳೆ ಡಾಕ್ಟ್ರು ಕೂತಲ್ಲಿಂದಲೇ ಎಕ್ಸ್‌ರೇ ಬರೆದರು. ಫಿಲ್ಮನ್ನ ಬೆಳಕಿಗೆ ಹಿಡಿದು "ನೋಡಿ, ಮೂಳೆ ಬೆಳೆದಿದೆ" ಅಂದರು. ಹಿಮ್ಮಡಿ ಕೆಳಗೆ ಗಿಳಿಯ ಕೊಕ್ಕಿನ ಹಾಗೆ ಒಂದು ಮೊನೆ ಇತ್ತು, ಸುಳ್ಳಲ್ಲ. ಹದಿನೈದು ದಿನದ ಮಾತ್ರೆ ಕೊಟ್ಟರು. ಹೊಟ್ಟೆ ಉರಿ ಬಂತು, ನೋವು ಹೋಗಲಿಲ್ಲ. ಆಮೇಲೆ ಬೇರೆಯವರು ಎರಡೂ ಕಾಲಿನ ಎಕ್ಸ್‌ರೇ ತೆಗೆಸಿದಾಗ ಒಂದು ತಮಾಷೆ ಗೊತ್ತಾಯಿತು. ನೋವೇ ಇಲ್ಲದ ಎಡಗಾಲಿನಲ್ಲಿ ಅದಕ್ಕಿಂತ ದೊಡ್ಡ ಮೊನೆ ಇತ್ತು! ಮೂಳೆ ಬೆಳೆದವರಲ್ಲಿ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲವಂತೆ.

ಇನ್ನೊಂದು ಕಡೆ ಹಿಮ್ಮಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿದರು. ಹದಿನೈದು ನೂರು ರೂಪಾಯಿ ಹತ್ತಿರ ಆಯಿತು. ಎರಡು ತಿಂಗಳು ಸ್ವರ್ಗ. ಮತ್ತೆ ನೋವು ಬಂತು, ಮತ್ತೆ ಹಾಕಿದರು. ಎರಡನೆಯದು ಒಂದು ತಿಂಗಳೂ ತಡೆಯಲಿಲ್ಲ. ಮೂರನೆಯದಕ್ಕೆ ಕರೆದಾಗ ನಾನು ಹೋಗಲಿಲ್ಲ. ಪದೇ ಪದೇ ಚುಚ್ಚಿದರೆ ಹಿಮ್ಮಡಿಯಡಿಯ ಮೆತ್ತನೆ ಕೊಬ್ಬು ಸವೆಯಬಹುದು, ಅಂಗಾಲಿನ ಪಟ್ಟಿಯೇ ಹರಿಯಬಹುದು.

ಆಮೇಲೆ ಒಂದು ಹೋಟೆಲಿನ ಹಾಲ್‌ನಲ್ಲಿ ಉಚಿತ ಪಾದ ತಪಾಸಣೆ ನಡೆಯಿತು. ಗಾಜಿನ ಮೇಲೆ ನಿಲ್ಲಿಸಿದರು. ಪರದೆ ಮೇಲೆ ನನ್ನ ಪಾದ ಕೆಂಪು, ಹಳದಿ, ನೀಲಿಯಾಗಿ ಕಂಡಿತು. ನೋಡೋಕೆ ಚೆಂದ. ನನ್ನ ಅಳತೆಗೇ ಮಾಡಿದ ಇನ್ಸೋಲ್‌ಗೆ ಎಂಟೂವರೆಯೋ ಒಂಬತ್ತು ಸಾವಿರವೋ ತೆಗೆದುಕೊಂಡರು. ಆದರೆ ನಾನು ಬರಿಗಾಲಲ್ಲಿ ದುಡಿಯುವವನು! ಇನ್ಸೋಲ್ ಇಡೋಕೆ ಬೂಟು ಬೇಕಲ್ವಾ? ದಿನಕ್ಕೆ ಎಷ್ಟು ಹೊತ್ತು ಬೂಟು ಹಾಕುತ್ತೀರಿ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಅದು ಈಗಲೂ ಬೀರುವಿನಲ್ಲಿ ಹೊಸದಾಗೇ ಇದೆ.

ಯಂತ್ರದಿಂದ ಹಿಮ್ಮಡಿಗೆ ಅಲೆಗಳ ಹೊಡೆತ ಕೊಡುವ ಶಾಕ್‌ವೇವ್‌ದೂ ಆಯಿತು. ಐದು ಸಲಕ್ಕೆ ಒಟ್ಟಿಗೆ ಪ್ಯಾಕೇಜು, ಏಳು ಸಾವಿರ ಚಿಲ್ಲರೆ. ಆ ಯಂತ್ರ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಲ್ಲ, ಬಹಳ ದಿನದ ನೋವಿಗೆ ಅದರಿಂದ ಗುಣ ಕಂಡವರಿದ್ದಾರೆ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಅಲ್ಲಿ ಕಾಲು ಮುಟ್ಟುವ ಮೊದಲೇ ಪ್ಯಾಕೇಜಿನ ಚೀಟಿ ಕೈಗೆ ಬಂದಿತ್ತು. ಬಟ್ಟೆ ಮುಟ್ಟದೆ ಇದು ಶುದ್ಧ ರೇಷ್ಮೆ ಅನ್ನುವ ವ್ಯಾಪಾರಿಯನ್ನ ನಾವು ನಂಬುತ್ತೇವಾ? ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು, ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು.

ನಡುವೆ ಅವ್ವನ ಔಷಧಿಯೂ ನಡೆಯಿತು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಕಿ, ಹಿಮ್ಮಡಿ ಒತ್ತುವುದು. ಹಾಯ್ ಅನಿಸುತ್ತದೆ, ಖರ್ಚಿಲ್ಲ, ಬೆಳಗ್ಗೆ ನೋವು ಅಲ್ಲೇ ಇರುತ್ತದೆ. ಆದರೆ ಸಕ್ಕರೆ ಕಾಯಿಲೆ ಇರುವವರು ಇದರ ಹತ್ತಿರವೂ ಹೋಗಬೇಡಿ. ನಮ್ಮ ಅಂಗಡಿಯ ಹಿರಿಯರೊಬ್ಬರು ನನ್ನ ನೋಡಿ ತಾವೂ ಮಾಡಿಕೊಂಡರು. ಪಾದ ಜೋಮು ಹಿಡಿದಿದ್ದರಿಂದ ಬಿಸಿ ಗೊತ್ತಾಗಲಿಲ್ಲ. ದೊಡ್ಡ ಬೊಕ್ಕೆ ಎದ್ದು ಹುಣ್ಣಾಯಿತು.

ಅವರ ಜೊತೆ ಬೆಂಗಳೂರಿಗೆ ಹೋದದ್ದೇ ನನಗೆ ದಾರಿ ತೋರಿಸಿತು. ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೇ ಅಂತ ಪೊಡಿಯಾಟ್ರಿ ವಿಭಾಗ ಇದೆ. ಹಳಬರು ಅದನ್ನ ಡಯಾಬಿಟಾಲಜಿ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಅಲ್ಲಿನ ಡಾಕ್ಟ್ರು ಆ ಹಿರಿಯರ ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿದರು. ಅವರಿಗೆ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನ ಅಂಗಾಲಿಗೆ ಒತ್ತುತ್ತಾ "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಅಂತ ಕೇಳಿದರು. ಎಳೆ ಬಾಗುವಷ್ಟು ಒತ್ತಿದರೂ ಅವರು ಸುಮ್ಮನೆ ಕೂತಿದ್ದರು. ಕೊನೆಗೆ ಹೊರಗೆ ಬಿಟ್ಟಿದ್ದ ಚಪ್ಪಲಿ ತರಿಸಿ, ಮಗುಚಿ, ಸವೆದ ಜಾಗ ನೋಡಿದರು. ನನ್ನ ಕಾಲನ್ನ ಅಷ್ಟು ದಿನದಲ್ಲಿ ಒಬ್ಬರೂ ಹಾಗೆ ಹಿಡಿದು ನೋಡಿರಲಿಲ್ಲ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಮೊದಲ ಭೇಟಿ ಅಂದರೆ ಡಾಕ್ಟ್ರು ನನ್ನನ್ನ ನೋಡುವುದಲ್ಲ, ನಾನು ಡಾಕ್ಟ್ರನ್ನ ನೋಡುವುದು. ಫೀಸು ಮಾತ್ರ ಕೊಡುವುದು. ಆ ದಿನ ಇಂಜೆಕ್ಷನ್ ಇಲ್ಲ, ಪ್ಯಾಕೇಜ್ ಇಲ್ಲ, "ಮನೆಯಲ್ಲಿ ಕೇಳಿ ಬರ್ತೀನಿ" ಅಂತ ಎದ್ದು ಬರುವುದು. ಎಕ್ಸ್‌ರೇಯನ್ನ ಬ್ಯಾಗಿನಿಂದ ತೆಗೆಯಬಾರದು. ಕಾಲು ನೋಡಿದ ಮೇಲೆ ಅವರಾಗಿಯೇ ಕೇಳಿದರೆ ಕೊಡುವುದು. ಮೊದಲೇ ಕೊಟ್ಟರೆ ಫಿಲ್ಮ್ ನೋಡುತ್ತಾರೆ, ಕಾಲು ಮೇಜಿನ ಕೆಳಗೇ ಉಳಿಯುತ್ತದೆ.

ಬೋರ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪೊಡಿಯಾಟ್ರಿಸ್ಟ್ ಆಗಲು ನಾಲ್ಕು ವರ್ಷದ ಬೇರೆಯೇ ಕಾಲೇಜು, ಆಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷ ತರಬೇತಿ. ನಮ್ಮಲ್ಲಿ ಆ ಬೋರ್ಡಿನ ಹಿಂದೆ ಯಾರೂ ಇರಬಹುದು. ಪಾದ ಮತ್ತು ಹರಡಿನ ತರಬೇತಿ ಪಡೆದ ಮೂಳೆ ಡಾಕ್ಟ್ರು, ಸಕ್ಕರೆ ಕಾಯಿಲೆಯ ಹುಣ್ಣು ನೋಡುವ ಸರ್ಜನ್ನು, ಫಿಸಿಯೋ, ಇಲ್ಲವೇ ಬರೀ ಇನ್ಸೋಲ್ ಮಾರುವವರು. ಹುಣ್ಣು, ಜೋಮು, ಸಕ್ಕರೆ ಇದ್ದರೆ ಎರಡನೆಯವರೇ ಬೇಕು. ನನ್ನಂಥ ಹಿಮ್ಮಡಿಗೆ ಮೊದಲನೆಯವರು, ಜೊತೆಗೆ ಒಳ್ಳೆಯ ಫಿಸಿಯೋ. ಗೋಡೆ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ಸರ್ಕಾರಿ) ನೋಂದಣಿ, ಚೀಟಿ ಮೇಲೆ ಮೆಡಿಕಲ್ ಕೌನ್ಸಿಲ್ ನಂಬರ್ ಇದೆಯಾ ಅಂತ ನೋಡೋಕೆ ಅರ್ಧ ನಿಮಿಷ ಸಾಕು.

ಕೈ ನೋಡುವುದು ಹೇಗೆ? ನನ್ನ ಕಾಲಿಗೆ ಒಳ್ಳೆಯವರು ಮಾಡಿದ್ದನ್ನ ಹೇಳುತ್ತೇನೆ. ಪ್ಯಾಂಟು ಮಂಡಿವರೆಗೆ ಮಡಚಿಸಿ, ನಿಲ್ಲಿಸಿ, ಹಿಂದಿನಿಂದ ನೋಡಿದರು. ಹಿಮ್ಮಡಿಯ ಒಳಬದಿಗೆ, ಸ್ವಲ್ಪ ಮುಂದೆ, ಹೆಬ್ಬೆರಳಿಂದ ಒತ್ತಿದರು. ಅದೇ ಜಾಗ! ಕುರ್ಚಿಯಿಂದ ಎದ್ದೇಬಿಟ್ಟೆ. ಕಾಲಿನ ಹೆಬ್ಬೆರಳನ್ನ ಹಿಂದಕ್ಕೆ ಬಗ್ಗಿಸಿ ಅಂಗಾಲಿನ ಪಟ್ಟಿ ಬಿಗಿಯಾದಾಗ ನೋವು ಏರುತ್ತಾ ಅಂತ ಕೇಳಿದರು. ಹಿಮ್ಮಡಿಯನ್ನ ಎರಡೂ ಪಕ್ಕದಿಂದ ಹಿಂಡಿದರು, ಅಲ್ಲಿ ನೋವಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದಂತೆ. ಒಳ ಹರಡಿನ ಹಿಂದೆ ಬೆರಳಿಂದ ತಟ್ಟಿದರು, ಅದು ನರ ಒತ್ತಿದೆಯಾ ನೋಡೋಕೆ. ಕೊನೆಗೆ ಮುಖ್ಯವಾದದ್ದು: ಮಂಡಿ ನೆಟ್ಟಗಿಟ್ಟು ಪಾದವನ್ನ ಮೇಲಕ್ಕೆ ತಳ್ಳಿದರು, ಬರಲಿಲ್ಲ. ಮಂಡಿ ಮಡಚಿ ತಳ್ಳಿದರು, ಸಲೀಸಾಗಿ ಬಂತು. ಮೀನಖಂಡ ಬಿಗಿದಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಯಂತ್ರ ಇಲ್ಲ, ಖರ್ಚಿಲ್ಲ.

ಮಾತಿಗೂ ಅಂಕ ಕೊಟ್ಟೆ. ಎರಡೂ ಹಿಮ್ಮಡಿ ನೋಯುತ್ತಾ, ಬೆಳಗ್ಗೆ ಸೊಂಟ ಅರ್ಧ ಗಂಟೆಗಿಂತ ಜಾಸ್ತಿ ಬಿಗಿದಿರುತ್ತಾ ಅಂತ ಒಬ್ಬ ಮೇಡಂ ಕೇಳಿದರು. ವಯಸ್ಸಿನ ಹುಡುಗರಲ್ಲಿ ಬೆನ್ನುಮೂಳೆಯ ವಾತವೊಂದು ಹಿಮ್ಮಡಿಯಿಂದಲೇ ಶುರುವಾಗುವುದುಂಟು. ನನಗೆ ಅದಿರಲಿಲ್ಲ. ಆದರೂ ಕೇಳಿದವರಿಗೆ ಅಂಕ. ಕೊನೆಗೆ ನಾನೊಂದು ಪ್ರಶ್ನೆ ಕೇಳುತ್ತಿದ್ದೆ. ಅದನ್ನ ಇಲ್ಲಿ ಬರೆಯಲ್ಲ. ಬರೆದರೆ ನಾಳೆ ಎಲ್ಲ ಡಾಕ್ಟ್ರೂ ಉತ್ತರ ಬಾಯಿಪಾಠ ಮಾಡಿಬಿಡುತ್ತಾರೆ!

ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಸೇರಿ ಐದಾರು ಜನರನ್ನ ನೋಡಿದೆ. ಫೀಸು ನಾಲ್ಕುನೂರರಿಂದ ಏಳುನೂರು, ಮೇಲೆ ಬಸ್ ಚಾರ್ಜು. ಒಟ್ಟು ನಾಲ್ಕು ಸಾವಿರದೊಳಗೇ ಮುಗಿಯಿತು. ಒಬ್ಬರ ಕೈ ಚೆನ್ನಾಗಿತ್ತು, ಆದರೆ ಮೊದಲ ದಿನವೇ ಆಪರೇಷನ್ ಅಂದರು. ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಒತ್ತಿದರು, ಅದೂ ಎಡಗಾಲನ್ನ.

ಹುಬ್ಬಳ್ಳಿಯವರನ್ನ ಆರಿಸಿದ್ದು ಒಂದೇ ಮಾತಿಗೆ. ಇನ್ಸೋಲ್ ತೋರಿಸಿದೆ. ತಿರುಗಿಸಿ ನೋಡಿ, "ಅಂಗಡ್ಯಾಗ ಚಪ್ಪಲಿ ಹಾಕ್ಕೊಂಡು ನಿಲ್ತೀರೇನು?" ಅಂದರು. ಇಲ್ಲ ಸರ್ ಅಂದೆ. "ಮತ್ತ ಇದನ್ನ ಎಲ್ಲಿ ಇಡ್ತೀರಿ, ಕಿಸೇದಾಗ?" ಅಂತ ನಕ್ಕರು. ಸ್ಕ್ಯಾನಿಂಗ್ ಮಾಡಿಸಿದಾಗ ಪಟ್ಟಿಯ ದಪ್ಪ ಐದು ಮಿಲಿಮೀಟರ್ ದಾಟಿತ್ತು, ನಾಲ್ಕು ದಾಟಿದರೆ ದಪ್ಪಗಾಗಿದೆ ಅಂತ ಲೆಕ್ಕ. ಚೀಟಿಯಲ್ಲಿ ಮಾತ್ರೆ ಇರಲಿಲ್ಲ. ಅಂಗಡಿಯೊಳಗೆ ಹಾಕೋಕೆ ಒಳಚಪ್ಪಲಿ, ಮೀನಖಂಡ ಎಳೆಯುವುದು, ಮತ್ತೆ ಮೆಟ್ಟಿಲ ಕಸರತ್ತು. ಆರು ವಾರ ಬಿಟ್ಟು ಬನ್ನಿ ಅಂದರು.

ಮೆಟ್ಟಿಲ ಕಸರತ್ತು ಡೆನ್ಮಾರ್ಕಿನವರದು, 2014ರಲ್ಲಿ ಪ್ರಕಟವಾದದ್ದು. ಮೂರು ತಿಂಗಳಿಗೆ ಬರೀ ಎಳೆಯುವುದಕ್ಕಿಂತ ಇದರಲ್ಲಿ ಗುಣ ಜಾಸ್ತಿ, ವರ್ಷದ ಹೊತ್ತಿಗೆ ಎರಡೂ ಸಮ ಅಂತ ಡಾಕ್ಟ್ರೇ ಹೇಳಿದರು. ಟವೆಲ್ ಸುರುಳಿ ಮಾಡಿ ಬೆರಳುಗಳ ಕೆಳಗೆ ಇಟ್ಟುಕೊಂಡು, ನೋಯುವ ಒಂದೇ ಕಾಲಲ್ಲಿ ಮೆಟ್ಟಿಲ ಅಂಚಿಗೆ ನಿಲ್ಲಬೇಕು. ಮೂರು ಎಣಿಸುತ್ತಾ ಹಿಮ್ಮಡಿ ಮೇಲೆ, ಎರಡು ಎಣಿಸಿ ಅಲ್ಲೇ, ಮೂರು ಎಣಿಸುತ್ತಾ ಕೆಳಗೆ. ದಿನ ಬಿಟ್ಟು ದಿನ. ಸಲೀಸಾದ ಮೇಲೆ ಬೆನ್ನಿಗೆ ಭಾರ ಹೇರಬೇಕು. ನಾನು ಬ್ಯಾಗಿಗೆ ಸೀರೆ ತುಂಬಿದೆ. ಜರಿ ಜಾಸ್ತಿ ಇರುವ ರೇಷ್ಮೆ ಸೀರೆ ಹತ್ತು ಹಾಕಿದರೆ ಏಳೆಂಟು ಕೆಜಿ ಆಗುತ್ತದೆ. ಗೋಡೌನ್ ಮೆಟ್ಟಿಲ ಮೇಲೆ ನನ್ನನ್ನ ನೋಡಿ ಹುಡುಗರು ವಿಡಿಯೋ ಮಾಡಿಕೊಂಡರು. ಮಾಡಿಕೊಳ್ಳಲಿ.

ಕಷ್ಟ ಆದದ್ದು ಒಳಚಪ್ಪಲಿ. ಗಾದಿ ಹತ್ತಿರ ಚಪ್ಪಲಿಯಾ, ಲಕ್ಷ್ಮಿ ಇರೋ ಜಾಗ ಅಂತ ಸಾವ್ಕಾರ್ರು ಒಪ್ಪಲಿಲ್ಲ. ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಗುಟ್ಟು. ಹೊರಗೆ ಹಾಕದ, ಬಿಳಿ ಬಣ್ಣದ, ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ಅಂತ ಒಪ್ಪಂದ ಆಯಿತು. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ವೆಲ್ಲೂರು ಕಡೆ ಬಳಕೆಗೆ ತಂದ ರಬ್ಬರು ಅದು. ಅಂಗಡಿಯಲ್ಲಿ ಎಂಸಿಆರ್ ಅಂತ ಸಿಗುವುದರಲ್ಲಿ ಅರ್ಧ ಬರೀ ಸ್ಪಂಜು, ತಿಂಗಳಲ್ಲಿ ಚಪ್ಪಟೆ. ನನ್ನದು ಕೈಯಲ್ಲಿ ಹೊಲಿಸಿದ್ದು, ಆರುನೂರು ರೂಪಾಯಿ ಆಯಿತು. ಹೊಲಿದವರ ವಿಳಾಸ ಕೇಳಬೇಡಿ, ಅಲ್ಲಿ ಈಗಲೇ ಕಾಯಬೇಕು.

ಜೊತೆಗೆ ನಾನೇ ಒಂದು ಪ್ರಯೋಗ ಮಾಡಿದೆ. ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಗೊತ್ತಲ್ವಾ? ಭಾವನ ಕೊಟ್ಟಿಗೆಗೆ ತಂದದ್ದರಲ್ಲಿ ಒಂದು ಮಿಕ್ಕಿತ್ತು. ಕುಯ್ದು ರ್‍ಯಾಕಿನ ಮುಂದೆ ಹಾಕಿದೆ. ವಾಸನೆ ಒಂದು ವಾರ ಹೋಗಲಿಲ್ಲ, ಗಿರಾಕಿಗಳು ಮೂಗು ಮುಚ್ಚಿಕೊಂಡರು. ಬಿಸಿಲಿಗೆ ಹಾಕಿ, ತೊಳೆದು, ಮತ್ತೆ ತಂದೆ. ಈಗ ಎಲ್ಲರೂ ಅದರ ಮೇಲೇ ನಿಲ್ಲೋಕೆ ಜಗಳ ಆಡುತ್ತಾರೆ. ಯೋಗ ಮ್ಯಾಟ್ ಎರಡು ಮಡಿಕೆ ಮಾಡಿ ನೋಡಿದೆ, ಜಾರುತ್ತದೆ, ಬೇಡ.

ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಬೆಳಗಿನ ಚುಚ್ಚು ನಿಂತಿತು. ಶ್ರಾವಣದ ರಶ್ಶಿನಲ್ಲಿ ಸ್ವಲ್ಪ ಗುರ್ ಅಂದಿತ್ತು. ಕಸರತ್ತು ಮತ್ತೆ ಹಿಡಿದೆ, ಹೋಯಿತು. ಇನ್ನೂ ವಾರಕ್ಕೆ ಎರಡು ಸಲ ಮೆಟ್ಟಿಲು ಬಿಟ್ಟಿಲ್ಲ.

ನೀವು ಹೋಗುವಾಗ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದಿನಾ ಹಾಕುವ ಹಳೆಯದನ್ನ ತೊಳೆಯದೆ ಹಾಗೇ ಹಾಕಿಕೊಂಡು ಹೋಗಿ. ಮಧ್ಯಾಹ್ನ ಹನ್ನೆರಡರ ಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ, ಊಟದ ಹೊತ್ತಿನಲ್ಲಿ ಯಾರ ಕೈಯೂ ನೆಟ್ಟಗೆ ಓಡಲ್ಲ.