ಫೋನಿನಲ್ಲೇ ಉಸಿರು ಎಣಿಸಿದ ದಿನಗಳು

ಎಂಬಿಬಿಎಸ್ ಕೊನೇ ವರ್ಷದವರನ್ನು ಕೋವಿಡ್ ಕೆಲಸಕ್ಕೆ ಬಳಸಬಹುದು ಅಂತ ಕೇಂದ್ರ ಸರ್ಕಾರ ಹೇಳಿದ್ದು 2021ರ ಮೇ 3ರಂದು. ಸೌಮ್ಯ ಲಕ್ಷಣ ಇರುವವರನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವುದು, ಅದೂ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ. ರಾಜ್ಯದಲ್ಲಿ ಲಾಕ್‌ಡೌನ್ ಇತ್ತು, ಬೆಂಗಳೂರಿನಲ್ಲಿ ಬೆಡ್‌ಗಾಗಿ ಜನ ಒದ್ದಾಡುತ್ತಿದ್ದರು. ನಾನು ಹೆಸರು ಕೊಟ್ಟೆ. ಮನೆಯಲ್ಲೇ ಐಸೊಲೇಷನ್‌ನಲ್ಲಿದ್ದವರ ಪಟ್ಟಿಯೊಂದು ಕೈಗೆ ಬಂತು.

"ಹೇಗಿದ್ದೀರಿ?" ಅಂದರೆ ಮುಕ್ಕಾಲು ಮಂದಿ "ಆರಾಮಿದ್ದೀನಿ" ಅನ್ನುತ್ತಾರೆ. ವಯಸ್ಸಾದವರಂತೂ ಆಸ್ಪತ್ರೆಗೆ ಎಳೆದೊಯ್ಯುತ್ತಾರೆ ಅನ್ನುವ ಭಯಕ್ಕೇ ಹಾಗೆ ಹೇಳುತ್ತಾರೆ. ಈ ಕಾಯಿಲೆಯಲ್ಲಿ ಆಕ್ಸಿಜನ್ ಇಳಿದಿದ್ದರೂ ಎಷ್ಟೋ ಜನರಿಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ. ಹಾಗಾಗಿ ಕೇಳುವುದನ್ನು ಕಡಿಮೆ ಮಾಡಿ, ಅವರಿಂದ ಏನಾದರೂ ಮಾಡಿಸಿ ತಿಳಿದುಕೊಳ್ಳತೊಡಗಿದೆ.

ಮನೆಯಲ್ಲಿ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮತ್ತು ನಾಡಿ ನೋಡುವ ಸಾಧನ) ಇದ್ದರೆ ಎರಡೂ ಅಂಕಿ ಓದಿಸುತ್ತಿದ್ದೆ. ಒಬ್ಬರು "96 ಇದೆ ಮೇಡಂ, ಏನೂ ತೊಂದರೆ ಇಲ್ಲ" ಅಂದರು.

"ಇನ್ನೊಂದು ಅಂಕಿ ಎಷ್ಟು ಅಣ್ಣಾ?"

"89."

"ಶೇಕಡಾ ಗುರುತು ಯಾವುದರ ಪಕ್ಕ ಇದೆ?"

89ರ ಪಕ್ಕ ಇತ್ತು. ಅಂದರೆ ಆಕ್ಸಿಜನ್ 89, 96 ನಾಡಿಬಡಿತ. ತಕ್ಷಣ ನಮ್ಮ ಸರ್‌ಗೆ ಲೈನ್ ಕೊಟ್ಟೆ, ಅವರು ಆಂಬುಲೆನ್ಸ್‌ಗೆ ಹೇಳಿದರು. ಬೆರಳಿಗೆ ಮೆಹಂದಿ ಅಥವಾ ನೇಲ್ ಪಾಲಿಶ್ ಇದ್ದರೆ, ಕೈ ತಣ್ಣಗಿದ್ದರೆ ಅಂಕಿ ಸುಳ್ಳು ಹೇಳಬಹುದು. ಕೈ ಉಜ್ಜಿಕೊಂಡು, ಒಂದು ನಿಮಿಷ ಅಲ್ಲಾಡದೆ ಕೂತು ನೋಡಬೇಕು. ಗಟ್ಟಿಯಾಗಿರುವವರಿಗೆ ಮನೆಯೊಳಗೇ 6 ನಿಮಿಷ ನಡೆದು ಮತ್ತೆ ನೋಡಿ ಅನ್ನುತ್ತಿದ್ದೆ. ಕೂತಾಗ 96 ಇದ್ದದ್ದು ನಡೆದ ಮೇಲೆ 92ಕ್ಕೆ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಹಳ್ಳಿಗಳಲ್ಲಿ ಬಹಳ ಮನೆಗಳಲ್ಲಿ ಆಕ್ಸಿಮೀಟರ್ ಇರಲಿಲ್ಲ. ಅಲ್ಲಿ ಉಸಿರು ಎಣಿಸಿದೆವು. ಸೊಸೆಗೋ ಮಗನಿಗೋ ಮಾಸ್ಕ್ ಹಾಕಿಸಿ ಫೋನ್ ಕೊಡಿಸುತ್ತಿದ್ದೆ. "ಅಜ್ಜಿಗೆ ಏನೂ ಹೇಳಬೇಡಿ. ಹೊಟ್ಟೆ ಒಂದು ಸಲ ಮೇಲೆದ್ದರೆ ನನಗೆ 'ಹೂಂ' ಅನ್ನಿ." ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಉಸಿರಿನ ಗತಿಯೇ ಬದಲಾಗುತ್ತದೆ, ಅದಕ್ಕೆ. ನಾನು ಇಲ್ಲಿ ಗಡಿಯಾರ ನೋಡಿಕೊಂಡು ಹೂಂಗಳನ್ನು ಎಣಿಸುತ್ತಿದ್ದೆ, ಪೂರ್ತಿ ಒಂದು ನಿಮಿಷ. 24 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಸೌಮ್ಯ ಕೇಸ್ ಅಲ್ಲ.

ಆಕ್ಸಿಜನ್ ಸ್ವಲ್ಪ ಏರಲಿ ಅಂತ, ಬೆಡ್ ಸಿಗುವವರೆಗೆ ಬೋರಲು ಮಲಗಿಸುತ್ತಿದ್ದೆವು. ನಾಲ್ಕೈದು ದಿಂಬು ಬೇಕು ಅಂತ ಸರ್ಕಾರದ ಸೂಚನೆಯಲ್ಲಿತ್ತು. ಅಷ್ಟು ದಿಂಬು ಎಲ್ಲರ ಮನೆಯಲ್ಲೂ ಇರುತ್ತಾ? ಕೌದಿ ಮಡಚಿ ಎದೆ ಕೆಳಗೆ, ಕಣಕಾಲ ಕೆಳಗೆ ಇಡಿಸಿದೆವು. ಊಟವಾಗಿ ಒಂದು ಗಂಟೆಯೊಳಗೆ ಬೇಡ, ಗರ್ಭಿಣಿಯರಿಗೆ ಬೇಡ ಅನ್ನುವುದನ್ನು ಮರೆಯದೆ ಹೇಳಬೇಕು.

ನನಗೆ ತುಂಬಾ ಸಂಕಟವಾಗುತ್ತಿದ್ದದ್ದು ಸ್ಟಿರಾಯ್ಡ್ ವಿಷಯದಲ್ಲಿ. ವಾಟ್ಸಾಪ್‌ನಲ್ಲಿ ಬಂದ ಯಾರದೋ ಚೀಟಿ ನೋಡಿ, ಜ್ವರ ಬಂದ ಎರಡನೇ ದಿನಕ್ಕೇ ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಶುರು ಮಾಡಿರುತ್ತಿದ್ದರು. ಆಕ್ಸಿಜನ್ ಬೇಕಾದವರಿಗೆ ಅದು ಜೀವ ಉಳಿಸುತ್ತದೆ, ಬೇಡದವರಿಗೆ ಲಾಭವಿಲ್ಲ ಅಂತ ಬ್ರಿಟನ್ನಿನ 'ರಿಕವರಿ' ಅನ್ನುವ ಅಧ್ಯಯನ 2020ರಲ್ಲೇ ತೋರಿಸಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಅದು ಸಕ್ಕರೆ ಏರಿಸುತ್ತದೆ. ಸಕ್ಕರೆ ಏರಿದವರಿಗೆ ಹೆಚ್ಚಾಗಿ ತಗಲುವ ಕಪ್ಪು ಶಿಲೀಂಧ್ರದ ಕೇಸುಗಳು ಬರುತ್ತಿದ್ದ ತಿಂಗಳು ಅದು. ಡಾಕ್ಟರ್ ಹೇಳದೆ ತಗೋಬೇಡಿ, ಈಗಾಗಲೇ ತಗೊಂಡಿದ್ದರೆ ಸಕ್ಕರೆ ನೋಡಿಸಿ, ಸರ್ ಹೇಳಿದ ಹಾಗೆ ಮಾಡಿ ಅಂತ ದಿನವೂ ಹೇಳುತ್ತಿದ್ದೆ.

ಇಂಥ ಕೆಲಸಕ್ಕೆ ವಿದ್ಯಾರ್ಥಿಗಳು ಸಾಕು ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಒಬ್ಬ ಸೀನಿಯರ್ ಡಾಕ್ಟರ್ ಇರಲೇಬೇಕು. ಅನುಮಾನ ಬಂದರೆ ಹೊತ್ತು ನೋಡದೆ ಕರೆಯಿರಿ ಅಂತ ನಮ್ಮ ಸರ್ ಹೇಳಿದ್ದರು, ಕರೆದಾಗೆಲ್ಲ ಬರುತ್ತಿದ್ದರು. ಅದಕ್ಕೇ ನಮಗೆ ಧೈರ್ಯ ಇತ್ತು.

ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಜ್ವರ ಶುರುವಾದ ದಿನ ಬರೆದುಕೊಳ್ಳುತ್ತಿದ್ದೆ, ಟೆಸ್ಟ್ ಮಾಡಿಸಿದ ದಿನ ಅಲ್ಲ. ಕಾಯಿಲೆ ಹದಗೆಡುವುದಿದ್ದರೆ ಹೆಚ್ಚಾಗಿ ಆಗಲೇ ಅಂತ, 5ನೇ ದಿನದಿಂದ 10ನೇ ದಿನದವರೆಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಫೋನ್. ಎತ್ತದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳುತ್ತಿದ್ದೆ, ಅವರು ಬಾಗಿಲವರೆಗೆ ಹೋಗಿ ನೋಡಿ ಬರುತ್ತಿದ್ದರು. ಅವರ ನಂಬರು ನಮ್ಮ ಪಟ್ಟಿಯಲ್ಲಿ ಮೊದಲು ಇರಲಿಲ್ಲ. ನಾವೇ ಕೇಳಿ ಸೇರಿಸಿಕೊಂಡೆವು.