ಮಾತ್ರೆ ತಗೊಂಡರೂ ಖಿನ್ನತೆ ಬಿಡ್ತಿಲ್ಲ ಅಂದರೆ ಏನು ಮಾಡಬೇಕು

ನಮ್ಮಕ್ಕ ಹನ್ನೊಂದು ತಿಂಗಳು ಮಾತ್ರೆ ತಗೊಂಡಳು. ಹಾಲು ಕರೆಯೋಕೆ ಬೆಳಿಗ್ಗೆ ಐದಕ್ಕೇ ಏಳುತ್ತಿದ್ದವಳು ಬಿಸಿಲೇರಿದರೂ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದಳು. ಮಂಡ್ಯದ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ "ಇದು ಮದ್ದಿಗೆ ಬಗ್ಗೋ ಕಾಯಿಲೆ ಅಲ್ಲ" ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ನಿಮ್ಮ ಮನೆಯಲ್ಲೂ ಇದೇ ಮಾತು ಬಂದಿದ್ದರೆ ಸ್ವಲ್ಪ ತಡೆಯಿರಿ.

ಡಾಕ್ಟರ ಲೆಕ್ಕ ಬೇರೆ ಇದೆ. ಕನಿಷ್ಠ ಎರಡು ಬೇರೆ ಬೇರೆ ಮಾತ್ರೆಗಳನ್ನ, ಸರಿಯಾದ ಡೋಸಿನಲ್ಲಿ, ಒಂದೊಂದನ್ನೂ ಸುಮಾರು 6 ವಾರ ಬಿಡದೆ ತಗೊಂಡ ಮೇಲೂ ಗುಣ ಕಾಣದಿದ್ದರೆ ಮಾತ್ರ ಅದು ಚಿಕಿತ್ಸೆಗೆ ಬಗ್ಗದ ಖಿನ್ನತೆ. ಹತ್ತು ದಿನ ನುಂಗಿ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ಶುರುವಿನ ಸಣ್ಣ ಡೋಸಿನಲ್ಲೇ ವರ್ಷ ತಳ್ಳಿದ್ದೂ ಲೆಕ್ಕಕ್ಕಿಲ್ಲ. ಮೊದಲ ಮಾತ್ರೆ ಹಿಡಿಸದೇ ಇರೋದು ಬಹಳ ಸಾಮಾನ್ಯ. ಅಮೆರಿಕದ ಸ್ಟಾರ್-ಡಿ ಅನ್ನೋ ದೊಡ್ಡ ಅಧ್ಯಯನದಲ್ಲಿ ಮೊದಲ ಮಾತ್ರೆಗೇ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರಷ್ಟೇ.

ಹಾಗಾಗಿ ಮೊದಲ ಕೆಲಸ, ಹಳೇ ಚೀಟಿ, ಖಾಲಿ ಸ್ಟ್ರಿಪ್ಪು ಎಲ್ಲ ಒಂದು ಕಡೆ ಹಾಕಿಕೊಂಡು ಕೂತು ಬರೆಯೋದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗಿಂದ ಯಾವಾಗಿನವರೆಗೆ, ಏನಾಯ್ತು, ಯಾಕೆ ಬಿಟ್ಟಿರಿ. ನಾನು ಅಕ್ಕನ ಸ್ಟೀಲ್ ಡಬ್ಬ ಚಾಪೆ ಮೇಲೆ ಸುರಿದು ಎಣಿಸಿದಾಗ ಮಾತ್ರೆ ಉಳಿಯಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಉಳಿದಿದ್ದವು. ಕೇಳಿದೆ. "ಸೋಮವಾರ, ಶನಿವಾರ ನಂಗೆ ಒಪ್ಪತ್ತು ಅಲ್ವಾ? ರಾತ್ರಿ ಊಟ ಇಲ್ಲ. ಊಟ ಆದ್ಮೇಲೆ ತಗೋ ಅಂತ ತಾನೆ ಡಾಕ್ಟ್ರು ಹೇಳಿದ್ದು" ಅಂದಳು. ವಾರಕ್ಕೆ ಎರಡು ದಿನ, ಹನ್ನೊಂದು ತಿಂಗಳು! ಡಾಕ್ಟ್ರು ಹೇಳಿದ ಮಾತನ್ನ ಅವಳು ಚಾಚೂ ತಪ್ಪದೆ ಪಾಲಿಸಿದ್ದಳು, ನಾವು ಯಾರೂ ಕೇಳಿರಲಿಲ್ಲ ಅಷ್ಟೆ. ನೀವು ಕೇಳುವಾಗ ದಯವಿಟ್ಟು ಗದರಬೇಡಿ, ಗದರಿದರೆ ಮುಂದಿನ ಸಲ ಸ್ಟ್ರಿಪ್ಪು ಖಾಲಿಯಾಗಿ ಕಾಣುತ್ತೆ, ಮಾತ್ರೆ ಮಾತ್ರ ಹೊಟ್ಟೆಗೆ ಹೋಗಿರಲ್ಲ.

ಆಮೇಲೆ ಬೇರೆ ಏನಾದರೂ ಅಡಗಿದೆಯಾ ನೋಡಿಸಿ. ಥೈರಾಯ್ಡ್, ಬಿ12, ರಕ್ತಹೀನತೆ, ಸಕ್ಕರೆ ಕಾಯಿಲೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕಮ್ಮಿ ಇರೋದು ಜಾಸ್ತಿ. ಜೋರು ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದನ್ನೂ ಹೇಳಿ. ಕುಡಿತ ಇದ್ದರೆ ಮುಚ್ಚಿಡಬೇಡಿ, ಕುಡಿಯುತ್ತಾ ಇದ್ದರೆ ಯಾವ ಮಾತ್ರೆಗೂ ಕೆಲಸ ಮಾಡೋದು ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಹಿಂದೆ ಯಾವಾಗಲಾದರೂ ನಾಲ್ಕಾರು ದಿನ ಸರಿಯಾಗಿ ನಿದ್ದೆ ಮಾಡದೆಯೂ ದಣಿವಿಲ್ಲದೆ ಓಡಾಡಿ, ವಿಪರೀತ ಮಾತಾಡಿ, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡಿದ್ದುಂಟಾ ಅಂತ ಮನೆಯವರು ನೆನಪು ಮಾಡಿಕೊಳ್ಳಿ. ಅದು ಬೈಪೋಲಾರ್, ಅಂದರೆ ಒಮ್ಮೆ ವಿಪರೀತ ಉತ್ಸಾಹ, ಒಮ್ಮೆ ಖಿನ್ನತೆ ಬರೋ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ.

ಇಷ್ಟೆಲ್ಲ ಆದಮೇಲೂ ಮಂಕು ಬಿಡದಿದ್ದರೆ ಆ ಪಟ್ಟಿ ಹಿಡಿದುಕೊಂಡು ಮನೋವೈದ್ಯರ ಹತ್ತಿರ ಹೋಗಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ, ಅಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. "ಮುಂದೆ ಏನು ಮಾಡಬಹುದು?" ಅಂತ ನೇರವಾಗಿ ಕೇಳಿ. ಮಾತ್ರೆ ಬದಲಾಯಿಸಬಹುದು, ಇರೋದರ ಜೊತೆ ಲಿಥಿಯಂ ಅಥವಾ ಅರಿಪಿಪ್ರಜೋಲ್ ಥರದ್ದನ್ನ ಸೇರಿಸಬಹುದು. ಲಿಥಿಯಂ ಕೊಟ್ಟರೆ ರಕ್ತಪರೀಕ್ಷೆ ತಪ್ಪಿಸೋ ಹಾಗಿಲ್ಲ. ಮಾತಿನ ಚಿಕಿತ್ಸೆಯನ್ನ ಮಾತ್ರೆ ಜೊತೆಗೇ ಮಾಡಿಸೋದು ಒಳ್ಳೇದು. ತಲೆಗೆ ಕಾಂತದ ತರಂಗ ಕೊಡೋ ಆರ್‌ಟಿಎಂಎಸ್ ಅನ್ನೋದೂ ಇದೆ.

"ಕರೆಂಟ್ ಕೊಡ್ತಾರೆ" ಅಂತ ಹೆದರಿ ಆಸ್ಪತ್ರೆಯಿಂದ ಓಡಿಬರುವವರನ್ನ ನೋಡಿದ್ದೀನಿ. ಆ ಕರೆಂಟ್ ಚಿಕಿತ್ಸೆಗೆ ಇಸಿಟಿ ಅಂತಾರೆ, ಅದು ಈಗ ಹಳೇ ಕಾಲದ ಹಾಗಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸೋ ಮದ್ದು ಕೊಡದೆ ಮಾಡೋದನ್ನ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆ ದಿನಗಳ ನೆನಪು ಸ್ವಲ್ಪ ಮಸುಕಾಗಬಹುದು, ನಿಜ. ಆದರೆ ಊಟ ನೀರು ಬಿಟ್ಟು ಮಲಗಿದವರನ್ನ ಬೇಗ ಎಬ್ಬಿಸೋದರಲ್ಲಿ ಅದರಷ್ಟು ಬಲವಾದ ಚಿಕಿತ್ಸೆ ಕಡಿಮೆ.

ಮನೆಯಲ್ಲಿ ಕ್ಯಾಲೆಂಡರ್ ಮೇಲೆ ದಿನಾ ಒಂದು ಅಂಕಿ ಬರೀರಿ, ಸೊನ್ನೆಯಿಂದ ಹತ್ತು. ನಿದ್ದೆ ಎಷ್ಟು, ಊಟ ಎಷ್ಟು ಅಂತಲೂ ಬರೀರಿ. ಗುಣ ಸಣ್ಣಸಣ್ಣದಾಗಿ ಬರುತ್ತೆ, ಬರೆದಿಡದಿದ್ದರೆ ಕಣ್ಣಿಗೆ ಬೀಳಲ್ಲ. ಅಕ್ಕನಿಗೆ ಮಾತ್ರೆ ಬದಲಾಯಿಸಿ, ಲಿಥಿಯಂ ಸೇರಿಸಿ ಐದನೇ ವಾರ "ಬಸ್ಸಾರಿಗೆ ಉಪ್ಪು ಕಮ್ಮಿ" ಅಂದಳು. ಅಮ್ಮ ಅಡುಗೆಮನೆಗೆ ಹೋಗಿ ಅತ್ತರು, ಅಲ್ಲಿವರೆಗೆ ಏನು ಬಡಿಸಿದರೂ ರುಚಿ ಕೇಳಿದವಳೇ ಅಲ್ಲ. ಈಗಲೂ ಪೂರ್ತಿ ಹುಷಾರಾಗಿದ್ದಾಳೆ ಅನ್ನಲಾರೆ, ಆದರೆ ಏಳುತ್ತಾಳೆ, ಹಸು ನೋಡಿಕೊಳ್ಳುತ್ತಾಳೆ. ಸ್ವಲ್ಪ ಚೆನ್ನಾಗಿ ಕಂಡ ಕೂಡಲೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹೇಳೋವರೆಗೂ.

ಸಾಯೋ ಮಾತು ಬಂದರೆ ಸುಮ್ನೆ ಹೇಳ್ತಾರೆ ಅಂದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಎದುರಿಗೇ ಇದೆ ಅನ್ನಿಸಿದರೆ ನೇರ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಕರಕೊಂಡು ಹೋಗಿ. ಮಾತ್ರೆ ಡಬ್ಬ ನಿಮ್ಮ ಹತ್ತಿರವೇ ಇರಲಿ, ಬೆಳೆಗೆ ಹೊಡೆಯೋ ಔಷಧಿ ಮನೆಯಲ್ಲಿ ಬೇಡ. ನಮ್ಮ ಕಬ್ಬಿನ ಗದ್ದೆಯ ಔಷಧಿಯನ್ನ ಆ ವರ್ಷವೇ ದೊಡ್ಡಪ್ಪನ ಮನೆಗೆ ಸಾಗಿಸಿದೆವು. ಇವತ್ತಿಗೂ ಅಲ್ಲೇ ಇದೆ, ಬೀಗದ ಕೈ ದೊಡ್ಡಮ್ಮನ ಹತ್ತಿರ.